ಕರೆಪ್ಪಜ್ಜನ ವಂಶಾವಳಿಯಲ್ಲಿ ಒಂದು ಖಾಲಿ ಚೌಕ

ನಮ್ಮ ಮನೆತನದ ಮೂಲಪುರುಷನನ್ನು ಹುಡುಕಲು ನಾಲ್ಕು ರವಿವಾರ ಸಾಕು ಎಂದು ಜನವರಿ ಐದರಂದು ಡೈರಿಯಲ್ಲಿ ಬರೆದಿದ್ದೇನೆ. ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೇನೆ. ಮೊದಲ ರವಿವಾರ ಟಿಕೋಟಾ, ಎರಡನೆಯದು ಸುತ್ತಲಿನ ಊರುಗಳು, ಮೂರನೆಯದು ಬಿಟ್ಟುಹೋದ ಮನೆಗಳು, ನಾಲ್ಕನೆಯದು ಶುದ್ಧಪ್ರತಿ. ಯೋಜನೆಯಲ್ಲಿ ಒಂದೇ ಒಂದು ಲೋಪವಿರಲಿಲ್ಲ. ಲೋಪವೆಲ್ಲ ಯೋಜನೆ ಮಾಡಿದವನಲ್ಲಿತ್ತು.

ನಾನು ಪರಸಪ್ಪ. ವಯಸ್ಸು ಇಪ್ಪತ್ತೇಳು. ವಿಜಯಪುರದ ಸ್ಟೇಷನ್ ರಸ್ತೆಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ದಿನಕ್ಕೆ ನಲವತ್ತು ಐವತ್ತು ಮಂದಿಯ ರಕ್ತ ನನ್ನ ಕೈಯಿಂದ ಹಾದುಹೋಗುತ್ತದೆ. ನನ್ನ ರಕ್ತದವರು ಮಾತ್ರ ಒಬ್ಬರೂ ಇಲ್ಲ. ತಾಯಿ ನಾನು ಚಿಕ್ಕವನಿದ್ದಾಗಲೇ ಹೋದಳು. ಅಪ್ಪ ಎರಡು ವರ್ಷದ ಹಿಂದೆ. ಅಣ್ಣ, ತಮ್ಮ, ಅಕ್ಕ, ತಂಗಿ: ನಾಲ್ಕೂ ಕಾಲಮ್ಮಿನಲ್ಲಿ ಸೊನ್ನೆ.

ಕಾಲಮ್ಮು ಎಂದೆನಲ್ಲ, ಅದು ನನ್ನ ರೋಗ. ಡೈರಿಯಲ್ಲಿ ಎಲ್ಲಕ್ಕೂ ಒಂದು ಕಾಲಮ್ಮಿದೆ. ಎದ್ದ ಹೊತ್ತು, ತಿಂದ ರೊಟ್ಟಿ, ನಡೆದ ದೂರ. ಕೊನೆಯದು 'ಕೆಲಸಕ್ಕಲ್ಲದೆ ಮಾತಾಡಿದವರು'. ಜನವರಿಯ ಆ ಮೊದಲ ವಾರದ ಮೊತ್ತ ಆರು. ಅದರಲ್ಲಿ ಒಂದು ರಾಂಗ್ ನಂಬರ್. ಆ ಮನುಷ್ಯನೊಂದಿಗೆ ನಾಲ್ಕು ನಿಮಿಷ ಮಾತಾಡಿದ್ದೆ. ಕೊನೆಗೆ ಅವನೇ ಬೇಸತ್ತು ಫೋನಿಟ್ಟ.

ಇದರ ಮೇಲೆ ಲ್ಯಾಬಿನ ಮಾಲೀಕರು ಎಲ್ಲರಿಂದ ಒಂದು ಅರ್ಜಿ ತುಂಬಿಸಿದರು. 'ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು, ಅವರಿಗೂ ನಿಮಗೂ ಏನು ಸಂಬಂಧ' ಎಂದು ಅದರಲ್ಲಿತ್ತು. ನನ್ನ ಕೋಣೆಯ ಮಾಲಕಿ ಶಾಂತಕ್ಕನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಬಹಳ ಹೊತ್ತು ಯೋಚಿಸಿ 'ಬಾಡಿಗೆ' ಎಂದು ಬರೆದೆ. ಮಾಲೀಕರು ಅದನ್ನು ಓದಿ ನಕ್ಕರು. ನಾನೂ ನಕ್ಕೆ. ಕೋಣೆಗೆ ಬಂದ ಮೇಲೆ ಅಷ್ಟೊಂದು ನಗು ಬರಲಿಲ್ಲ.

ಹಾಗಂತ ನಮ್ಮದು ಸಣ್ಣ ಮನೆತನವಲ್ಲ. ಅಪ್ಪ ಹೇಳುತ್ತಿದ್ದ ಕತೆಯ ಪ್ರಕಾರ ನಮ್ಮ ಮೂಲಪುರುಷ ಕರೆಪ್ಪ ಎಂಬಾತ ಒಂದು ಕೋಲು, ಒಂದು ಕಂಬಳಿ, ಒಂದು ನಾಯಿ, ನೂರಾ ಒಂದು ಕುರಿಗಳ ಸಮೇತ ಪಶ್ಚಿಮದ ಕಡೆಯಿಂದ ಬಂದ. ಆಗ ಟಿಕೋಟಾದ ಆಚೆ ಊರಿಲ್ಲ, ದಾರಿಯಿಲ್ಲ. ಮುಳ್ಳುಕಂಟಿ, ಕಲ್ಲು, ತೋಳ, ಇಷ್ಟೇ. ಯಾರೂ ಉಳಿಯದ ಆ ಬಯಲಿನಲ್ಲಿ ಕರೆಪ್ಪ ಉಳಿದ. ಬಾವಿ ತೋಡಿದ. ನೀರು ಬಿತ್ತು. ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು, ವಸ್ತಿ ಬೆಳೆಯಿತು. ಅಪ್ಪ ಮಾತ್ರ ತನ್ನ ಪಾಲಿನ ಹೊಲ ಕೊಟ್ಟು ಶಹರಕ್ಕೆ ಬಂದು, ಯಾರೊಂದಿಗೂ ಹೋಗಿ ಬರುವುದನ್ನು ಇಟ್ಟುಕೊಳ್ಳಲಿಲ್ಲ. ಅಂದರೆ ಅಲ್ಲೆಲ್ಲೋ ನನ್ನವರು ನೂರಾರು ಮಂದಿ ಇರಲೇಬೇಕು. ನನಗೆ ನೂರಾರು ಬೇಡ. ರವಿವಾರ ಹೋಗಿ ಕೂಡ್ರಲು ಒಂದು ಮನೆ ಸಾಕು. ಒಂದು!

ಜನವರಿ ಹನ್ನೆರಡು, ಟಿಕೋಟಾದ ಆಚೆಯ ವಸ್ತಿ. ಕೈಯಲ್ಲಿ ಹೊಸ ವಹಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಮೊದಲ ಮನೆಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರಿಗೆ ನಮಸ್ಕರಿಸಿ, ಈ ಊರಿನ ಹಳೆಯ ಬಾವಿ ಯಾರದು, ಅದು ಇರುವ ಹೊಲ ಮೊದಲು ಯಾರ ಹೆಸರಿನಲ್ಲಿತ್ತು ಎಂದು ವಿನಯದಿಂದ ಕೇಳಿದೆ. ಅವರು ನನ್ನನ್ನು ನೋಡಿದರು, ವಹಿಯನ್ನು ನೋಡಿದರು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಬಾಗಿಲು ಮೊದಲೇ ಹಾಕಿತ್ತು. ಸುದ್ದಿ ನನಗಿಂತ ಜೋರಾಗಿ ನಡೆಯುತ್ತಿತ್ತು. ಶಹರದಿಂದ ಯಾರೋ ಪಾಲು ಕೇಳಲು ಬಂದಿದ್ದಾನೆ ಎಂದು ಇಡೀ ವಸ್ತಿಗೆ ಗೊತ್ತಾಗಿದೆ, ನನಗೊಬ್ಬನಿಗೇ ಗೊತ್ತಿಲ್ಲ. ಒಟ್ಟು ಮನೆ ಒಂಬತ್ತು. ನೀರು ಕೊಟ್ಟವರು ಇಬ್ಬರು. ನಾಯಿ ಬಿಟ್ಟವರು ಒಬ್ಬರು.

ಸೋಲಿಗೆ ಕಾರಣವನ್ನು ಬರೆದು ನೋಡಿದೆ. ಭಯ ನಿವಾರಿಸಬೇಕು. ಹತ್ತೊಂಬತ್ತರಂದು ಮತ್ತೆ ಹೋದೆ. ಈ ಸಲ ಕೈಯಲ್ಲಿ ಒಂದು ಘೋಷಣಾಪತ್ರ. 'ಕರೆಪ್ಪನ ವಂಶಸ್ಥನಾದ ನಾನು ಸದರಿ ಹೊಲ, ಬಾವಿ, ಬದುವು, ಗಿಡಮರ ಯಾವುದರ ಮೇಲೂ ಈಗಾಗಲಿ ಮುಂದಾಗಲಿ ಹಕ್ಕು ಕೇಳತಕ್ಕವನಲ್ಲ' ಎಂದು ಬರೆದು, ಸಹಿ ಮಾಡಿ, ಹತ್ತು ಪ್ರತಿ ತೆಗೆಸಿದ್ದೆ. ಮನೆಮನೆಗೆ ಹಂಚಿದೆ. ಹೋದ ವಾರ ಅನುಮಾನ ಇದ್ದವರಿಗೆ ಈ ವಾರ ಖಾತ್ರಿಯಾಯಿತು. ಕಾಗದ ತಂದವನು ಹೊಲಕ್ಕೇ ಬಂದವನು. ಕಾಗದದಲ್ಲಿ 'ವಂಶಸ್ಥ' ಎಂದು ಬೇರೆ ಇದೆ, ಸಹಿ ಬೇರೆ ಇದೆ! ಒಬ್ಬರು ಆ ಪ್ರತಿಯನ್ನು ಜೋಪಾನವಾಗಿ ಮಡಚಿ, ವಕೀಲರಿಗೆ ತೋರಿಸುವುದಾಗಿ ಹೇಳಿದರು.

ಮೂರನೆಯ ರವಿವಾರ ಒಬ್ಬ ಮುದುಕಿ ಕರುಣೆ ತೋರಿದಳು. ಅವಳಿಗೆ ಹೊಲವಿರಲಿಲ್ಲ, ಹೀಗಾಗಿ ನನ್ನ ಭಯವೂ ಇರಲಿಲ್ಲ. ಅವಳು ಹೇಳಿದ್ದು ಇದು: ಕರೆಪ್ಪನಿಗೆ ಜಕ್ಕಪ್ಪ ಎಂಬ ತಮ್ಮನಿದ್ದ. ಬಾವಿಯ ನೀರಿನ ಸಲುವಾಗಿ ಅಣ್ಣ ತಮ್ಮ ಜಗಳಾಡಿದರು. ಜಕ್ಕಪ್ಪ ಅರ್ಧ ಕುರಿ ಹೊಡೆದುಕೊಂಡು ಬಬಲೇಶ್ವರದ ಕಡೆ ಹೋದ. ಆಮೇಲೆ ಏನಾದ, ಯಾರಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಕೂತು ವಂಶಾವಳಿಯ ಹಾಳೆಯಲ್ಲಿ ಕರೆಪ್ಪನ ಪಕ್ಕಕ್ಕೆ ಒಂದು ಚೌಕ ಬರೆದೆ. ಒಳಗೆ 'ಜಕ್ಕಪ್ಪ'. ಅದರ ಕೆಳಗೆ ಇನ್ನೊಂದು ಚೌಕ. ಒಳಗೆ ಏನೂ ಇಲ್ಲ. ಆ ಖಾಲಿ ಚೌಕದಲ್ಲಿ ನನ್ನವರಿದ್ದಾರೆ ಎಂದು ಬಸ್ಸು ವಿಜಯಪುರ ಮುಟ್ಟುವವರೆಗೂ ಅದನ್ನೇ ನೋಡುತ್ತ ಕೂತೆ.

ಫೆಬ್ರುವರಿ ಎರಡರಂದು ಬಬಲೇಶ್ವರ. ಶಾಂತಕ್ಕನ ಸಲಹೆಯಂತೆ ಇಸ್ತ್ರಿ ಅಂಗಿ ಹಾಕಿದ್ದೆ. ಬರಿಗೈಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣು ಒಯ್ದಿದ್ದೆ. ಹಿಂದೆ ಟಿಕೋಟಾದ ಕಡೆಯಿಂದ ಬಂದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ, ಒಬ್ಬರು ಮಲ್ಲಪ್ಪ ಎಂಬುವವರ ಮನೆ ತೋರಿಸಿದರು. ಹೋದೆ. ಹೊಲದ ಮಾತು ಎತ್ತಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಬದಲಾಗಿ ನಿಮ್ಮ ಮನೆದೇವರು ಯಾವುದು, ಬೆಡಗು ಅಂದರೆ ಗೋತ್ರ ಯಾವುದು, ಅಜ್ಜಿಯ ತವರು ಎಲ್ಲಿ, ಮಕ್ಕಳೆಷ್ಟು ಎಂದು ಒಂದೊಂದಾಗಿ ಕೇಳಿದೆ.

ಏನು ಆದರ! ಕಂಬಳಿ ಹಾಸಿದರು. ಮೂರು ಮನೆಯವರು ಬಂದು ಕೂತರು. ಉಪ್ಪಿಟ್ಟು ಬಂತು, ಅದರ ಮೇಲೆ ಹೆಚ್ಚಿಗೆ ಕೊಬ್ಬರಿ. ಚಹಾ ತಂದವಳು ಮನೆಯ ಹಿರಿಯ ಮಗಳು. ಟಿಕೋಟಾದವರಿಗೂ ಇವರಿಗೂ ಎಷ್ಟು ವ್ಯತ್ಯಾಸ ಎಂದು ಮನಸ್ಸಿನಲ್ಲೇ ಹೊಗಳುತ್ತ ಕಾಲಮ್ಮು ತುಂಬತೊಡಗಿದೆ. ಹೆಸರು ರೇಣುಕಾ. ವಯಸ್ಸು ಇಪ್ಪತ್ನಾಲ್ಕು. ಓದು ಬಿ.ಎ., ಬಿ.ಎಡ್. ಒಂದು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ತಂಗಿಯರು ಇಬ್ಬರು. ಅಣ್ಣತಮ್ಮಂದಿರು ಇಲ್ಲ. ಎಲ್ಲ ಬರೆದು ಮುಗಿಸಿ, ಸಹಕಾರಕ್ಕೆ ಧನ್ಯವಾದ ಹೇಳಿದೆ. ಅವಳು ತಟ್ಟೆ ತೆಗೆಯುತ್ತ ತಲೆಯೆತ್ತದೆ ಕೇಳಿದಳು.

"ಎತ್ತರ ಬರ್ಕೊಳ್ಳಲಿಲ್ಲಲ್ರಿ. ಐದು ಫೂಟ್ ಎರಡ."

ಅದನ್ನೂ ಬರೆದುಕೊಂಡೆ. ನನ್ನ ಮಂದಬುದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಆ ವಹಿಯಲ್ಲಿ ಬೇರೊಂದಿಲ್ಲ.

ಸಂಜೆ ಶಾಂತಕ್ಕನಿಗೆ ಬಬಲೇಶ್ವರದವರ ಔದಾರ್ಯ ವರ್ಣಿಸಿದೆ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಲ್ಲೋ ಪರಸು, ಹಣ್ಣು ತಗೊಂಡು ಒಬ್ಬರ ಮನಿಗೆ ಹೋದಿ. ದೇವರು ಯಾವುದು, ಬೆಡಗ ಯಾವುದು ಅಂತ ಕೇಳಿದಿ. ಹುಡುಗಿ ಓದು, ವಯಸ್ಸು ಬರ್ಕೊಂಡಿ. ಕೊಟ್ಟ ಉಪ್ಪಿಟ್ಟು ತಿಂದಿ. ಇನ್ನ ಹೆಣ್ಣು ನೋಡೂದಂದ್ರ ಬ್ಯಾರೆ ಏನಿರತೈತೋ?"

ಏನೂ ಇರುವುದಿಲ್ಲ. ನಾನು ವಿಧಿವತ್ತಾಗಿ ಕನ್ಯೆ ನೋಡಿ ಬಂದಿದ್ದೆ.

ಒಂಬತ್ತರಂದು ಹೋಗಿ ತಪ್ಪೊಪ್ಪಿಕೊಂಡೆ. ನಾನು ಬಂದದ್ದು ಹೆಣ್ಣಿಗಲ್ಲ, ಅಜ್ಜನಿಗೆ ಎಂದೆ. ಮಲ್ಲಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಳಗೆ ಇನ್ನೂ ಮೂವರು ನಕ್ಕದ್ದು ಕೇಳಿಸಿತು. ನಗು ನಿಂತ ಮೇಲೆ ಮಲ್ಲಪ್ಪ ನನ್ನ ಕೆಲಸ, ನನ್ನ ಕೋಣೆ, ನನ್ನ ಅಪ್ಪನ ವಿಷಯ ವಿಚಾರಿಸಿದರು. ತಮ್ಮದು ಅಜ್ಜನ ಕಾಲದಿಂದ ಇದೇ ಊರು, ತಮ್ಮ ಮನೆದೇವರೂ ಬೆಡಗೂ ಬೇರೆ, ಹೀಗಾಗಿ ನಾವು ಬಳಗವಾಗುವುದು ಸಾಧ್ಯವಿಲ್ಲ ಎಂದರು. ಅಷ್ಟು ಹೊತ್ತೂ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹೊರಡುವಾಗ ಅವರು ಮೆಲ್ಲಗೆ ಹೇಳಿದರು.

"ಕಾಕಾ ಅನಬ್ಯಾಡಪ್ಪಾ. ಮಾಮಾ ಅನ್ನು."

ನಮ್ಮ ಕಡೆ ಈ ಎರಡು ಮಾತಿನ ನಡುವೆ ಒಂದು ಇಡೀ ಜೀವನವಿದೆ. ಕಾಕಾನ ಮಗಳು ತಂಗಿ. ಮಾಮಾನ ಮಗಳು ಹೆಂಡತಿಯಾಗಬಹುದು. ಬೆಡಗು ಒಂದೇ ಇದ್ದರೆ ಹುಡುಗ ಹುಡುಗಿ ಅಣ್ಣ ತಂಗಿ, ಹತ್ತು ತಲೆಮಾರು ಕಳೆದಿರಲಿ, ಮುಖವನ್ನೇ ನೋಡಿರದಿರಲಿ. ಬೇರೆ ಇದ್ದರೆ ಎಲೆ ಅಡಿಕೆ. ಮನೆದೇವರು, ಬೆಡಗು ಎರಡೂ ಬೇರೆ ಎಂದು ಮಲ್ಲಪ್ಪ ಹೇಳಿದರು. ಪ್ರತಿಯೊಂದಕ್ಕೂ ಪುರಾವೆ ಕೇಳುವ ನಾನು ಅದೊಂದಕ್ಕೆ ಕೇಳಲಿಲ್ಲ. ಮಾಮಾ ಎಂದೆ.

ಆಮೇಲಿನ ರವಿವಾರಗಳ ಬಗ್ಗೆ ಡೈರಿಯಲ್ಲಿ ಹೆಚ್ಚು ಬರೆದಿಲ್ಲ. ಮಾತಾಡಿದವರ ಕಾಲಮ್ಮಿನಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆಯಬೇಕಾಯಿತು. ರೇಣುಕಾ ನನ್ನ ವಂಶಾವಳಿಯನ್ನು ಪಡಸಾಲೆಯಲ್ಲಿ ಹರಡಿ, ಶಾಲೆಯ ಮಕ್ಕಳ ಪೇಪರು ತಿದ್ದುವ ಕೆಂಪು ಪೆನ್ನಿನಿಂದ ತಿದ್ದತೊಡಗಿದಳು. ಕರೆಪ್ಪನ ಮಗ, ಮಗನ ಮಗ, ಅವನ ಮಗ ಎಂದು ನಾನು ಹೆಮ್ಮೆಯಿಂದ ಇಳಿಸಿದ ಸಾಲನ್ನು ಬೆರಳಿನಿಂದ ಓದಿ, ಹೆಣ್ಣುಮಕ್ಕಳು ಎಲ್ಲಿ ಎಂದು ಕೇಳಿದಳು. ಹೆಸರು ಸಿಕ್ಕಿಲ್ಲ ಎಂದೆ.

"ಹಂಗಾರ ನಿಮ್ಮ ಕರೆಪ್ಪಜ್ಜ ಗಿಡದಾಗ ಹುಟ್ಟಿದನೇನ್ರಿ? ಒಬ್ಬಾವನ ನೂರಾ ಒಂದು ಕುರಿ ಕಾಯ್ದು, ಒಬ್ಬಾವನ ರೊಟ್ಟಿ ಬಡದು, ಒಬ್ಬಾವನ ಮಕ್ಕಳನ್ನ ಹಡದನೇನು?"

ಪ್ರತಿ ಚೌಕದ ಪಕ್ಕಕ್ಕೆ ಒಂದೊಂದು ಚೌಕ ಅವಳೇ ಬರೆದಳು. ಹೆಸರಿಲ್ಲದ ಹದಿನಾಲ್ಕು ಹೆಂಗಸರು. ನನ್ನ ಹೆಸರಿನ ಪಕ್ಕಕ್ಕೂ ಒಂದು ಚೌಕ ಬರೆದು, ಪೆನ್ನಿನ ಟೋಪಿ ಹಾಕಿದಳು.

ನಿಶ್ಚಯಕ್ಕೆ ಮಾರ್ಚ್ ಇಪ್ಪತ್ಮೂರು ಗೊತ್ತಾಯಿತು. ಮಲ್ಲಪ್ಪ ಮಾಮಾ ಒಂದೇ ಷರತ್ತು ಹಾಕಿದರು. ಹುಡುಗನ ಕಡೆಯಿಂದ ಐದು ಮಂದಿ ಹಿರಿಯರು ಬಂದು ಜಮಖಾನೆಯ ಮೇಲೆ ಕೂಡ್ರಬೇಕು. ಎಷ್ಟು ಸಣ್ಣ ಷರತ್ತು! ನಾನು ಕೋಣೆಗೆ ಬಂದು ಪಟ್ಟಿ ಮಾಡಿದೆ. ಶಾಂತಕ್ಕ. ಶಾಂತಕ್ಕನ ಗಂಡ. ಲ್ಯಾಬಿನ ಮಾಲೀಕರು. ನಾಲ್ಕು ಎಂದು ಬರೆದು ಮುಂದೆ ಏನೂ ತೋಚಲಿಲ್ಲ. ಮೂವರಲ್ಲಿ ಒಬ್ಬರೂ ನನ್ನವರಲ್ಲ. ಬಾಡಿಗೆ, ಬಾಡಿಗೆ, ಪಗಾರ. ನನ್ನ ಜೀವನದ ಒಂದೇ ಒಂದು ಶುಭಕಾರ್ಯಕ್ಕೆ ನನ್ನ ಕಡೆಯ ಜಮಖಾನೆ ಖಾಲಿ ಉಳಿಯುವುದು ನನಗೆ ಬೇಡವಾಗಿತ್ತು. ಎಲ್ಲೋ ಜಕ್ಕಪ್ಪನ ಮೊಮ್ಮಕ್ಕಳು ಇದ್ದಾರೆ. ಅವರನ್ನು ಹುಡುಕಬೇಕು. ಆ ಚೌಕ ತುಂಬಬೇಕು.

ಇದನ್ನು ರೇಣುಕಾಳಿಗೆ ಹೇಳಿದಾಗ ಅವಳು ವಂಶಾವಳಿಯ ಹಾಳೆ ಮಡಚಿ ನನ್ನ ಕೈಗಿಟ್ಟಳು.

"ಲ್ಯಾಬಿನವರನ್ನ ಕರ್ಕೊಂಡು ಬರ್ರಿ. ನಮ್ಮಪ್ಪ ಏನೂ ಅನ್ನೂದಿಲ್ಲ. ಆ ಒಂದು ಚೌಕ ಖಾಲಿ ಇರ್ಲಿ ಬಿಡ್ರಿ."

ನಾನು ನಕ್ಕೆ. ಖಾಲಿ ಚೌಕ ಬಿಟ್ಟು ಮಲಗುವ ಜಾತಿಯವನಲ್ಲ ನಾನು ಎಂದು ಹೆಮ್ಮೆಯಿಂದ ಹೇಳಿದೆ. ಹೌದು, ಹೆಮ್ಮೆಯಿಂದ.

ಹೆಳವರನ್ನು ಹುಡುಕಬೇಕೆಂದು ಹೊಳೆದದ್ದು ಆಗ. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಸುಗ್ಗಿಯ ಮೇಲೆ ಬಂದು ಓದಿ ಹೇಳಿ, ಜೋಳ ಬಟ್ಟೆ ಪಡೆದು ಹೋಗುವವರು ಅವರು. ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಹೆಳವ. ತಮ್ಮನ್ನು ಮರೆತ ಮನೆಗಳ ಹೆಸರನ್ನೂ ಊರವರಿಂದ ಕೇಳಿ ಬರೆದಿಟ್ಟುಕೊಳ್ಳುವವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಹದಿನಾರರಂದು ಅರಕೇರಿಯಲ್ಲಿ ನನಗೆ ಸಿಕ್ಕ ನಮ್ಮ ಹೆಳವ ಭೀಮಣ್ಣ ಮೋಟಾರ್ ಸೈಕಲ್ಲಿನ ಮೇಲಿದ್ದರು. ಕರೆಪ್ಪ ಎಂದೊಡನೆ ಅವರ ಮುಖ ಅರಳಿತು. ನಮ್ಮ ಮನೆತನ ಅವರ ಪುಸ್ತಕದಲ್ಲೇ ಇತ್ತು! ಪುಸ್ತಕ ಮಾತ್ರ ಅವರ ಅಣ್ಣನ ಬಳಿ ಇತ್ತು. ಮುಂದಿನ ರವಿವಾರದ ಹೊತ್ತಿಗೆ ತರಬಲ್ಲೆ ಎಂದರು. ಆ ದಿನ ನಿಶ್ಚಯ. ಸಾಮಾನ್ಯ ಬುದ್ಧಿಯ ಮನುಷ್ಯ ನಿಶ್ಚಯ ಮುಂದೂಡುತ್ತಿದ್ದ, ಇಲ್ಲವೇ ಹೆಳವರನ್ನು ಮುಂದೂಡುತ್ತಿದ್ದ. ನಾನು ಭೀಮಣ್ಣನನ್ನು ನಿಶ್ಚಯಕ್ಕೇ ಆಹ್ವಾನಿಸಿದೆ. ಬೀಗರ ಮುಂದೆ ನನ್ನ ಮನೆತನದ ಕೀರ್ತಿ ಓದಿಸುವುದು, ಜಕ್ಕಪ್ಪನ ಮೊಮ್ಮಕ್ಕಳ ಊರು ತಿಳಿದೊಡನೆ ಫೋನು ಮಾಡಿ ಕರೆಸುವುದು, ಮದುವೆಗಾದರೂ ಅವರು ಜಮಖಾನೆ ತುಂಬುವುದು. ಇದನ್ನು ನಾನು 'ಒಂದೇ ಕಲ್ಲಿನಲ್ಲಿ ಮೂರು ಕಾಯಿ' ಎಂದು ಡೈರಿಯಲ್ಲಿ ವರ್ಣಿಸಿದ್ದೇನೆ.

ಮಾರ್ಚ್ ಇಪ್ಪತ್ಮೂರು. ಅಂಗಳದಲ್ಲಿ ಎರಡು ಜಮಖಾನೆ. ಹುಡುಗಿಯ ಕಡೆ ನಲವತ್ತು ಮಂದಿ, ನನ್ನ ಕಡೆ ಮೂವರು ಮತ್ತು ಹೆಳವ ಭೀಮಣ್ಣ. ತಟ್ಟೆಯಲ್ಲಿ ಎಲೆ ಅಡಿಕೆ. ಒಳಗಿನಿಂದ ಹೋಳಿಗೆಯ ವಾಸನೆ. ರೇಣುಕಾ ಹಸಿರು ಸೀರೆಯುಟ್ಟು ಬಾಗಿಲ ಬಳಿ ಕೂತಿದ್ದಳು. ಭೀಮಣ್ಣ ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದು, ಹಣೆಗೆ ಮುಟ್ಟಿಸಿಕೊಂಡು, ರಾಗ ಮಾಡಿ ಓದತೊಡಗಿದರು. ಕರೆಪ್ಪ ಬಂದ, ಬಾವಿ ತೋಡಿದ. ಅವನ ಹೆಂಡತಿಯ ಹೆಸರೂ ಬಂತು: ಲಗಮವ್ವ. ನಾನು ಹೆಮ್ಮೆಯಿಂದ ರೇಣುಕಾಳ ಕಡೆ ನೋಡಿದೆ. ಅವಳೂ ನೋಡಿದಳು. ಆಮೇಲೆ ಜಕ್ಕಪ್ಪ. ಜಗಳ. ಅರ್ಧ ಕುರಿ. ಬಬಲೇಶ್ವರದಲ್ಲಿ ಹೆಂಡತಿಯ ತವರುಮನೆಯಲ್ಲೇ ಉಳಿದ. ಅಣ್ಣನ ಮೇಲಿನ ಸಿಟ್ಟಿಗೆ ತನ್ನ ಮನೆದೇವರನ್ನೂ ಬೆಡಗನ್ನೂ ಬಿಟ್ಟು, ಹೆಂಡತಿಯ ಕಡೆಯವನ್ನೇ ತನ್ನವೆಂದು ಹೇಳಿಕೊಂಡ. ಅವನ ಮಗ ಸಿದ್ದಪ್ಪ. ಸಿದ್ದಪ್ಪನ ಮಗ ನಿಂಗಪ್ಪ.

ನಿಂಗಪ್ಪ ಎಂದೊಡನೆ ಮಲ್ಲಪ್ಪ ಮಾಮಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಅದು ಅವರ ತಂದೆಯ ಹೆಸರು.

ಭೀಮಣ್ಣ ತಲೆಯೆತ್ತದೆ ಓದಿದರು. ನಿಂಗಪ್ಪನ ಮಗ ಮಲ್ಲಪ್ಪ. ಮಲ್ಲಪ್ಪನಿಗೆ ಮೂರು ಹೆಣ್ಣು. ಓದಿ ಮುಗಿಸಿ, ಕನ್ನಡಕ ತೆಗೆದು, ಬಹಳ ಸಂತೋಷದಿಂದ ನನ್ನನ್ನೂ ಮಲ್ಲಪ್ಪ ಮಾಮಾರನ್ನೂ ನೋಡಿದರು.

"ಬ್ಯಾರೆ ಎಲ್ಲೂ ಹುಡುಕೂದು ಬ್ಯಾಡ್ರಿ ತಮ್ಮಾ. ನಿಮ್ಮವರು ಇಲ್ಲೇ ಅದಾರ. ಒಂದ ಹಾಳಿ, ಮೂಲ ಒಂದ ಬೆಡಗ. ನಿಮ್ಮವು ಅಣ್ತಮ್ರ ಮನಿ."

ಆ ಅಂಗಳದಲ್ಲಿ ಸಂತೋಷಪಟ್ಟವರು ಅವರೊಬ್ಬರೇ. ನನ್ನ ವಂಶಾವಳಿಯ ಹಾಳೆ ನನ್ನ ತೊಡೆಯ ಮೇಲೆ ಬಿಚ್ಚಿಯೇ ಇತ್ತು. ರೂಢಿಯ ಕೈ, ಯೋಚಿಸದೆ ಜಕ್ಕಪ್ಪನ ಕೆಳಗೆ ಸಿದ್ದಪ್ಪ ಎಂದು ಬರೆಯಿತು. ರೇಣುಕಾ ಎದ್ದು ಒಳಗೆ ಹೋಗುವಾಗ ನನ್ನ ಪಕ್ಕದಲ್ಲಿ ಒಂದು ಕ್ಷಣ ನಿಂತಳು.

"ತುಂಬಿತಲ್ರಿ, ಚೌಕ."

ಹೋಳಿಗೆ ಆಗಿಬಿಟ್ಟಿತ್ತು. ಎಸೆಯಲಾಗುವುದಿಲ್ಲವಲ್ಲ, ಎಲ್ಲರೂ ಕೂತು ಉಂಡೆವು. ಹುಡುಗನ ಕಡೆಯ ಜಮಖಾನೆಯನ್ನು ಯಾರೋ ಮಡಚಿದರು. ನನ್ನನ್ನು ಹುಡುಗಿಯ ಕಡೆಯ ಸಾಲಿನಲ್ಲಿ ಕೂಡ್ರಿಸಿದರು. ಮಲ್ಲಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು, ಗಂಡುಮಗ ಇಲ್ಲ ಎಂದು ಇಷ್ಟು ವರ್ಷ ಕೊರಗಿದ್ದೆ, ದೇವರು ಕೊಟ್ಟ ಎಂದರು. ನಾನು ಕಾಕಾ ಎಂದೆ. ಹೋಳಿಗೆ ಮುರಿದೆ. ತುಪ್ಪ ಹಾಕಿಸಿಕೊಂಡೆ.

ವಾಪಸು ಬರುವಾಗ ಶಾಂತಕ್ಕ ವಿಜಯಪುರದವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತಳು. ಇಳಿಯುವಾಗ ಮಾತ್ರ, ಕರೆಪ್ಪನ ನಾಯಿಗೆ ಇದ್ದಷ್ಟು ಬುದ್ಧಿ ಅವನ ಮೊಮ್ಮಗನಿಗೆ ಬರಲಿಲ್ಲ ಎಂದಳು.

ರೇಣುಕಾಳ ಮದುವೆ ಮೇ ತಿಂಗಳಲ್ಲಿ ಆಯಿತು. ಹುಡುಗ ಸಿಂದಗಿಯ ಕಡೆಯವನು, ಒಳ್ಳೆಯವನು. ಬೆಡಗು ಬೇರೆ. ಪರಿಶೀಲಿಸಿದವನು ನಾನೇ. ಹುಡುಗಿಗೆ ಅಣ್ಣನಿಲ್ಲ ಎಂಬ ಕೊರತೆ ಈಗ ಇರಲಿಲ್ಲವಲ್ಲ, ಹೀಗಾಗಿ ಬೀಗರನ್ನು ಎದುರುಗೊಂಡವನೂ ನಾನೇ, ಮದುಮಗನ ಕೈಗೆ ತೆಂಗಿನಕಾಯಿ ಕೊಟ್ಟವನೂ ನಾನೇ, ಕಾರಿನ ಬಾಗಿಲು ಹಾಕಿದವನೂ ನಾನೇ. ಕಾರು ಹೊರಟ ಮೇಲೆ ಅಣ್ಣನಾದವನು ಅಳಬೇಕು ಎಂದು ಹೆಂಗಸರು ಹೇಳಿದರು. ಆ ಕೆಲಸವೊಂದನ್ನು ನಾನು ಯಾರಿಂದಲೂ ಹೇಳಿಸಿಕೊಳ್ಳದೆ ಅಚ್ಚುಕಟ್ಟಾಗಿ ಮಾಡಿದೆ.

ಸಂಶೋಧನೆಯ ಫಲಿತಾಂಶ ಹೀಗಿದೆ. ಭೀಮಣ್ಣನ ಪುಸ್ತಕದ ಪ್ರಕಾರ ನನ್ನ ಬೆಡಗಿನವರು ನೂರಾ ನಲವತ್ಮೂರು ಮಂದಿ. ಅದರಲ್ಲಿ ಲಗ್ನದ ವಯಸ್ಸಿನ ಹೆಣ್ಣುಮಕ್ಕಳು ಮೂವತ್ತೊಂದು. ಟಿಕೋಟಾದಿಂದ ಬಬಲೇಶ್ವರದವರೆಗೆ ಆ ಮೂವತ್ತೊಂದು ಕನ್ಯೆಯರಿಗೂ ನಾನು ಶಾಸ್ತ್ರೋಕ್ತ ಅಣ್ಣ. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಬಾಗಿಲುಗಳನ್ನು ಸ್ವಂತ ಕೈಯಿಂದ ಮುಚ್ಚಿಕೊಂಡವನು ನಮ್ಮ ಮನೆತನದಲ್ಲಿ ಮತ್ತೊಬ್ಬನಿಲ್ಲ.

ರವಿವಾರ ಈಗ ಖಾಲಿ ಇರುವುದಿಲ್ಲ. ಯಾರ ಮನೆಯಲ್ಲಿ ಸಂಬಂಧ ನೋಡುವುದಿದ್ದರೂ ಫೋನು ಬರುತ್ತದೆ, ಪರಸುನನ್ನು ವಹಿ ಸಮೇತ ಕರೆಸಿರಿ ಎಂದು. ಹಿಂದೆ ಬಾಗಿಲು ಹಾಕಿಕೊಂಡ ಟಿಕೋಟಾದ ಹಿರಿಯರೂ ಕರೆಸಿದ್ದರು. ಹೋಗುತ್ತೇನೆ, ಉಪ್ಪಿಟ್ಟು ತಿನ್ನುತ್ತೇನೆ, ಕಾಲಮ್ಮು ನೋಡಿ ಹೇಳುತ್ತೇನೆ. ಈವರೆಗೆ ಹನ್ನೊಂದು ಸಂಬಂಧ ಪರಿಶೀಲಿಸಿ ಏಳನ್ನು ಮುರಿದಿದ್ದೇನೆ. ಆಮೇಲೆ ಅವರವರ ಮಾತು ಅವರವರಿಗೆ. ನಾನು ಐದರ ಬಸ್ಸು ಹಿಡಿದು ಬಂದು ಒಬ್ಬನಿಗಾಗುವಷ್ಟು ಅಕ್ಕಿ ತೊಳೆಯುತ್ತೇನೆ.

ಕಳೆದ ವಾರ ರೇಣುಕಾ ಫೋನು ಮಾಡಿದಳು. ಅವಳ ಗಂಡನ ಊರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇದ್ದಾಳಂತೆ. ಒಳ್ಳೆಯ ಹುಡುಗಿಯಂತೆ. ನನ್ನ ವಿಷಯ ಹೇಳಿದ್ದಾಳಂತೆ, ನನ್ನ ಕತೆ ಕೇಳಿ ಆ ಹುಡುಗಿ ನಕ್ಕಳಂತೆ, ನೋಡಬೇಕು ಅಂದಳಂತೆ. ನನಗೆ ಕೂತಲ್ಲಿಂದ ಏಳುವಂತಾಯಿತು.

"ಈ ರವಿವಾರ ಬಾ ಅಣ್ಣಾ. ವಹಿ ಮನ್ಯಾಗ ಇಟ್ಟು ಬಾ. ಬಂದು ಸುಮ್ಮನ ಚಹಾ ಕುಡಿ. ಏನೂ ಕೇಳಬ್ಯಾಡ, ನಿನಗ ಕೈ ಮುಗೀತೇನಿ."

ಮಾತು ಕೊಟ್ಟೆ. ಏನೂ ಕೇಳುವುದಿಲ್ಲ ಎಂದು ಎರಡು ಸಲ ಹೇಳಿದೆ. ನಾನೀಗ ಬದಲಾಗಿದ್ದೇನೆ ಎಂದು ಅವಳಿಗೆ ಖಾತ್ರಿಯಾಗಲಿ ಎಂದು ಬೆಡಗಿನ ಮಾತನ್ನೇ ಎತ್ತಲಿಲ್ಲ. ಹುಡುಗಿಯ ಅಜ್ಜನ ಹೆಸರೊಂದನ್ನೇ ಕೇಳಿದೆ.

ಫೋನು ಕಟ್ಟಾಯಿತು.

ಮರಳಿ ಫೋನು ಮಾಡಿ ತಪ್ಪಾಯಿತು ಅನ್ನಬೇಕು. ರವಿವಾರ ಖಂಡಿತ ಬರುತ್ತೇನೆ ಅನ್ನಬೇಕು. ಅನ್ನುತ್ತೇನೆ. ಆದರೆ ಆ ಅಜ್ಜನ ಹೆಸರು ಅವಳು ಹೇಳಲೇ ಇಲ್ಲವಲ್ಲ!